ಕೂಗುವ ಹೆಸರು

ಬೆಂಗಳೂರಿನ ಕೃಷ್ಣರಾಜಪುರದ ಕಡೆಯ ಯಾವುದಾದರೂ ಹಳೆಯ ಮನೆತನದ ಲಗ್ನಪತ್ರಿಕೆಯನ್ನು ನಿಧಾನವಾಗಿ ಓದಿ ನೋಡಿ. ನೆತ್ತಿಯ ಮೇಲೆ 'ಶ್ರೀ ಮುನೇಶ್ವರಸ್ವಾಮಿ ಪ್ರಸನ್ನ' ಎಂದಿರುತ್ತದೆ. ಹುಡುಗ ದಿವಂಗತ ಮುನಿಯಮ್ಮ ಮತ್ತು ಚಿಕ್ಕಮುನಿಯಪ್ಪನವರ ಮೊಮ್ಮಗ. ಅವನ ತಂದೆ ಮಂಜುನಾಥ್, ತಾಯಿ ಲಕ್ಷ್ಮೀದೇವಿ. ಅವನ ಹೆಸರು ಕಿರಣ್. ಕಾರ್ಡಿನ ತಳದಲ್ಲಿ, 'ನಮ್ಮ ಚಿಕ್ಕಪ್ಪನ ಮದುವೆಗೆ ತಪ್ಪದೆ ಬನ್ನಿ' ಎಂದು ಕರೆಯುವ ಮಕ್ಕಳು ವಿಹಾನ್, ಅನ್ವಿ, ಅದ್ವಿಕ್, ಕಿಯಾರಾ. ಒಂದೇ ಹಾಳೆಯಲ್ಲಿ ನಾಲ್ಕು ತಲೆಮಾರು. ತಾತ ಅಜ್ಜಿಯರ ಹೆಸರಿನೊಳಗಿದ್ದ ಮುನೇಶ್ವರ, ಮಕ್ಕಳ ಹೊತ್ತಿಗೆ ಹಾಳೆಯ ನೆತ್ತಿಯಲ್ಲಷ್ಟೇ ಉಳಿದಿದ್ದಾನೆ.

ಇದನ್ನು ಕಂಡು ಮರುಗುವವರು ಬಹಳ. ನಮ್ಮ ಹೆಸರುಗಳೆಲ್ಲ ಹೋದವು, ಎಲ್ಲಿಂದಲೋ ಬಂದವು ಮನೆ ತುಂಬಿದವು ಎನ್ನುತ್ತಾರೆ. ನನಗೂ ಹಾಗನ್ನಿಸಿದ್ದುಂಟು. ಯೋಚಿಸಿದಷ್ಟೂ ಆ ಮರುಕದಲ್ಲಿ ಅರ್ಧದಷ್ಟು ಮಾತ್ರ ನ್ಯಾಯವಿದೆ ಎಂದು ತೋರುತ್ತಿದೆ.

ಹಳೆಯ ಹೆಸರುಗಳು ಎಲ್ಲರಿಗೂ ಒಂದೇ ಬಗೆಯಲ್ಲಿ ಸಿಹಿಯಾಗಿರಲಿಲ್ಲ. ಬ್ರಾಹ್ಮಣನ ಹೆಸರು ಮಂಗಳಕರವಾಗಿರಲಿ, ಕ್ಷತ್ರಿಯನದು ಬಲವನ್ನೂ ವೈಶ್ಯನದು ಧನವನ್ನೂ ಸೂಚಿಸಲಿ ಎಂದು ಹೇಳುವ ಮನುಸ್ಮೃತಿಯ ಎರಡನೆಯ ಅಧ್ಯಾಯ, ಶೂದ್ರನ ಹೆಸರು ಹೇಸಿಕೆ ಹುಟ್ಟಿಸುವಂತಿರಲಿ ಎನ್ನುತ್ತದೆ. ಇದು ಪುಸ್ತಕದಲ್ಲೇ ಉಳಿದ ಮಾತಲ್ಲ. ಒಂದೇ ದೇವರ ಹೆಸರು ಒಂದು ಬೀದಿಯಲ್ಲಿ ವೆಂಕಟರಮಣಯ್ಯನವರು ಆಗುತ್ತಿತ್ತು, ಊರಾಚೆಯ ಕೇರಿಯಲ್ಲಿ 'ಲೋ ವೆಂಕ್ಟ' ಆಗುತ್ತಿತ್ತು. ಮುನಿಯಪ್ಪ ಎಂಬ ಹೆಸರಿನಲ್ಲಿ ಅವಮಾನವೇನೂ ಇಲ್ಲ, ಅದು ಕಾಯುವ ದೇವರ ಹೆಸರು. ಅವಮಾನವಿದ್ದದ್ದು ಅದನ್ನು ಕೇಳಿದವರ ಕಿವಿಯಲ್ಲಿ. ಎಲ್ಲಿ ಕೂರಿಸಬೇಕು, ಯಾವ ಲೋಟದಲ್ಲಿ ನೀರು ಕೊಡಬೇಕು ಎಂಬುದು ಹೆಸರು ಕೇಳಿದೊಡನೆ ತೀರ್ಮಾನವಾಗುತ್ತಿತ್ತು. ಇವತ್ತಿಗೂ ಬಾಡಿಗೆ ಮನೆ ಕೇಳಿ ಫೋನ್ ಮಾಡಿದರೆ ಮೊದಲು ಬರುವ ಪ್ರಶ್ನೆ ಹೆಸರಿನದೇ. ಅದ್ವಿಕ್ ಎಂಬ ಹೆಸರು ಆ ಪ್ರಶ್ನೆಗೆ ಜಾತಿಯ ಉತ್ತರ ಕೊಡುವುದಿಲ್ಲ. ಸಾರಾ, ಅಯಾನ್ ಎಂದರೆ ಮಗು ಶಿವಾಜಿನಗರದ್ದೋ ಇಂದಿರಾನಗರದ್ದೋ, ಯಾವ ಧರ್ಮದ್ದೋ ಹೇಳಲಾಗದು. ಇದು ದೊಡ್ಡ ಬಿಡುಗಡೆ. ಹಳೆಯ ಹೆಸರಿಗಾಗಿ ಅಳುವ ಮುನ್ನ, ಆ ಹೆಸರು ಹೊತ್ತು ತಲೆತಗ್ಗಿಸಿದವರನ್ನು ಒಂದು ಮಾತು ಕೇಳಬೇಕು.

ಇನ್ನೊಂದು ಬಗೆಯ ಹಳೆಯ ಹೆಸರುಗಳೂ ಇದ್ದವು. ಹುಟ್ಟಿದ ಮಕ್ಕಳು ಉಳಿಯದ ಮನೆಯಲ್ಲಿ ಕೂಸನ್ನು ತಿಪ್ಪೆಯ ಮೇಲೆ ಹೊರಳಿಸಿ ತಿಪ್ಪಯ್ಯ ಎಂದರು. ಹೆಣ್ಣಿನ ಮೇಲೆ ಹೆಣ್ಣು ಹುಟ್ಟಿದಾಗ ಸಾಕಮ್ಮ ಎಂದರು. ಅವು ಭಯಕ್ಕೆ, ಬೇಸರಕ್ಕೆ ಇಟ್ಟ ಹೆಸರುಗಳು. ಮಗು ಬದುಕುತ್ತದೆಂಬ ಭರವಸೆ ಇರುವ ತಾಯಿ ಬರಿಯ ಸಂತೋಷಕ್ಕಾಗಿ ಹೆಸರು ಆರಿಸುತ್ತಾಳೆ. ಅವಳನ್ನು ಗದರುವ ಹಕ್ಕು ಯಾರಿಗೂ ಇಲ್ಲ.

ಹಾಗಾದರೆ ಉಳಿದ ಅರ್ಧ ಯಾವುದು? ಹೆಸರು ಯಾರದು ಎಂಬ ಪ್ರಶ್ನೆ. ಮಗುವಿಗೆ ಅದು ಸ್ವಂತವಾಗಿರಲಿ, ಬೇರೆ ಯಾರಿಗೂ ಇಲ್ಲದಂತಿರಲಿ ಎಂದು ಈಗಿನವರು ಬಯಸುತ್ತಾರೆ. ಬಯಕೆ ಸಹಜವೇ. ಆದರೆ ಎಲ್ಲರೂ ಅದನ್ನೇ ಬಯಸಿ, ಎಲ್ಲರೂ ಒಂದೇ ಕಡೆ ಹುಡುಕಿದ್ದರಿಂದ, ಒಂದೇ ತರಗತಿಯಲ್ಲಿ ಅದ್ವಿಕ್, ಅದ್ವಿತ್, ಅದ್ವೈತ್ ಮೂವರೂ ಕೂತಿರುತ್ತಾರೆ. ಅರ್ಥವನ್ನೂ ಯಾರೋ ಹೇಳಿದ್ದೇ ಸರಿ ಎಂದು ನಂಬುತ್ತಾರೆ. 'ಆರವ್' ಎಂದರೆ ಶಾಂತ ಎಂದುಕೊಂಡು ಇಡುವವರಿದ್ದಾರೆ. ಆರವ ಎಂದರೆ ಸದ್ದು, ಕಲರವದಲ್ಲಿರುವ ರವವೇ ಅದರಲ್ಲೂ ಇದೆ. ಹೆಣ್ಣುಮಕ್ಕಳಿಗೆ ಈಗ ಅಚ್ಚುಮೆಚ್ಚಾಗಿರುವ 'ಆರಾಧ್ಯ' ನಮ್ಮಲ್ಲಿ ಬಹುಕಾಲದಿಂದ ವೀರಶೈವ ಆಚಾರ್ಯ ಮನೆತನಗಳ ಗಂಡಸರ ಹೆಸರಿನ ತುದಿಯಲ್ಲಿದ್ದ ಪದ.

ನನ್ನ ದೂರು ಅರ್ಥದ್ದಕ್ಕಿಂತ ಹೆಚ್ಚಾಗಿ ನಾಲಿಗೆಯದು. ಕನ್ನಡದ ಪದ ಸ್ವರದಲ್ಲಿ ಮುಗಿಯಲು ಹಾತೊರೆಯುತ್ತದೆ. ಪ್ರಣವ್ ಎಂದು ಬರೆದರೂ ವಿಭಕ್ತಿ ಹಚ್ಚಿದೊಡನೆ ಪ್ರಣವನಿಗೆ ಎಂದು ಕಳೆದುಹೋದ ಅಕಾರ ಮರಳಿ ಬರುತ್ತದೆ. ರಮೇಶ್, ಸುರೇಶ್ ಎಂದು ಹಿಂದಿನ ತಲೆಮಾರು ಬರೆದುಕೊಂಡರೂ ಬಾಗಿಲಲ್ಲಿ ನಿಂತ ತಾಯಿ ಕರೆದದ್ದು 'ರಮೇಶಾ, ಬಾರೋ' ಎಂದೇ. ಈಗ ಅಜ್ಜಿ ಅದೇ ಅಭ್ಯಾಸದಿಂದ 'ಅದ್ವಿಕಾ' ಎಂದು ಕೂಗಿದರೆ ಅದು ಹೆಣ್ಣುಮಗುವಿನ ಹೆಸರಾಗುತ್ತದೆ. ಸೊಸೆ ತಿದ್ದುತ್ತಾಳೆ, ಅಜ್ಜಿ ಮೆತ್ತಗಾಗುತ್ತಾರೆ. ಮೊಮ್ಮಗನ ಹೆಸರನ್ನು ತಪ್ಪಿಲ್ಲದೆ ಕರೆಯಲಾರೆ ಎಂಬ ಸಂಕೋಚ ಆ ವಯಸ್ಸಿನಲ್ಲಿ ಸಣ್ಣ ನೋವಲ್ಲ. ಅನ್ವಿ, ಇರಾ ಎಂಬಂಥ ಹೆಣ್ಣುಮಕ್ಕಳ ಹೆಸರುಗಳಿಗೆ ಈ ತೊಡಕಿಲ್ಲ, ಸ್ವರದಲ್ಲೇ ಮುಗಿಯುತ್ತವೆ.

ಹೊರಗಿನ ಹೆಸರು ಬರಬಾರದೆಂದು ನಾನು ಹೇಳುತ್ತಿಲ್ಲ. ಹೊರಗಿನಿಂದ ಬಂದದ್ದನ್ನು ಒಳಗೆ ಮಾಡಿಕೊಳ್ಳುವ ಪಾಠ ನಮ್ಮ ದಂಡು ಪ್ರದೇಶದಲ್ಲೇ ಇದೆ. 1809ರಲ್ಲಿ ಇಲ್ಲಿ ದಂಡು ನೆಲೆಯಾದ ಮೇಲೆ ಎಷ್ಟೋ ಭಾಷೆಯವರು ಬಂದು ಸೇರಿದರು. ಸೆಪ್ಟೆಂಬರ್ 8ಕ್ಕೆ ಶಿವಾಜಿನಗರದ ಸಂತ ಮೇರಿ ಬಸಿಲಿಕಾದಲ್ಲಿ ನೆರೆಯುವ ಜನರಲ್ಲಿ ಆರೋಗ್ಯ ಮಾತೆಯ ಹೆಸರು ಹೊತ್ತ ಆರೋಗ್ಯಮೇರಿ, ಆರೋಗ್ಯಸ್ವಾಮಿಯರು ಇರುತ್ತಾರೆ. ಇಲ್ಲಿನ ಹಳೆಯ ಕ್ರೈಸ್ತ ಮನೆಗಳಲ್ಲಿ ಕ್ಸೇವಿಯರ್ ಚೌರಪ್ಪನಾದ, ಇಗ್ನೇಷಿಯಸ್ ಇನ್ನಾಸಪ್ಪನಾದ, ಜಾನ್ ಅರುಳಪ್ಪನಾದ. ಪಾಲ್ ಎಂದರೆ ಲ್ಯಾಟಿನ್‌ನಲ್ಲಿ ಚಿಕ್ಕವನು, ಅವನು ಚಿನ್ನಪ್ಪನಾದ. ರೋಮಿನ ಸಂತರು ಈ ನೆಲದ ಅಜ್ಜಿಯರ ಬಾಯಲ್ಲಿ ಪಳಗಿ ಅಪ್ಪಂದಿರಾದರು. ತಮಿಳಿನ ಮೂಲಕ ಬಂದ ಈ ಹೆಸರುಗಳು ಕನ್ನಡದ ಬಾಯಿಗೂ ಹಾಗೇ ಒದಗಿದವು. ಈಗ ಆ ಮನೆಗಳಲ್ಲೂ ಈಥನ್, ಏರನ್ ಹುಟ್ಟುತ್ತಿದ್ದಾರೆ, ಯಾವ ಅಪ್ಪನೂ ಸೇರುವುದಿಲ್ಲ.

ಹೊಸದಾಗಿಯೂ ನಮ್ಮದಾಗಿಯೂ ಇರುವ ಹೆಸರು ಸಾಧ್ಯವೇ? ಕುವೆಂಪು 1938ರಲ್ಲಿ ಹುಟ್ಟಿದ ಮಗನಿಗೆ ಪೂರ್ಣಚಂದ್ರ ತೇಜಸ್ವಿ ಎಂದರು. ಆಮೇಲಿನ ಮಕ್ಕಳಿಗೆ ಕೋಕಿಲೋದಯ ಚೈತ್ರ, ಇಂದುಕಲಾ, ತಾರಿಣಿ ಎಂದರು. ಅವುಗಳಲ್ಲಿ ಜಾತಿಯ ಗುರುತಿಲ್ಲ, ಎರವಲಿನ ವಾಸನೆಯೂ ಇಲ್ಲ. ಈಚೆಗೆ ಮಗಳಿಗೆ ಇಂಚರ, ಇಬ್ಬನಿ ಎಂದು ಇಡುವ ಮನೆಗಳನ್ನು ಕಂಡರೆ ನನಗೆ ಹಿಗ್ಗು. ಇನಿದಾದ ಸರವೇ ಇಂಚರ. ಹಲಸೂರಿನ ತಮಿಳು ಮನೆಯೊಂದು ಮಗಳನ್ನು ಇನಿಯಾ ಎಂದು ಕರೆದರೆ ಅಲ್ಲಿಯೂ ಅದೇ ಇನಿ ಇದೆ. ಮನೆಯಲ್ಲಿ ಆಡುವ ನುಡಿ ಯಾವುದೇ ಇರಲಿ, ಹೆಸರು ಅದರೊಳಗಿಂದ ಹುಟ್ಟಲಿ ಎಂಬುದಷ್ಟೇ ನನ್ನ ಮಾತು. ಗಂಡುಮಕ್ಕಳಿಗೆ ಇಂಥ ಹೆಸರು ಹುಡುಕುವವರು ಕಡಿಮೆ ಎಂಬ ಕೊರಗಂತೂ ಇದೆ.

ಅವಸರವೂ ಬೇಡ. 1969ರ ಜನನ ಮರಣ ನೋಂದಣಿ ಕಾಯ್ದೆಯಡಿ ಹೆಸರಿಲ್ಲದೆಯೇ ಜನನ ನೋಂದಾಯಿಸಬಹುದು. 12 ತಿಂಗಳೊಳಗೆ ಶುಲ್ಕವಿಲ್ಲದೆ ಹೆಸರು ಸೇರಿಸಬಹುದು. ಆಸ್ಪತ್ರೆಯ ಫಾರಂ ತುಂಬುವ ಗಡಿಬಿಡಿಯಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿ ಹೆಸರು ಗಟ್ಟಿಯಾಗಿಬಿಡುವ ಮುನ್ನ ಅದನ್ನು ಬಾಯಿಬಿಟ್ಟು ಕರೆದು ನೋಡಲು ಬೇಕಾದಷ್ಟು ಕಾಲವಿದೆ. ನಾಮಕರಣದ ದಿನ ಅಕ್ಕಿಯ ತಟ್ಟೆಯಲ್ಲಿ ಉಂಗುರದಿಂದ ಬರೆದ ಹೆಸರನ್ನು ಮಗುವಿನ ಕಿವಿಗೆ ಬಾಯಿಟ್ಟು ಮೂರು ಸಲ ಹೇಳುತ್ತಾರಲ್ಲ, ಅದಕ್ಕೆ ಮೊದಲೇ ಮನೆಯ ಹಿರಿಯರ ಕೈಯಲ್ಲಿ ಒಮ್ಮೆ ಹೊಸಿಲಿನಿಂದ ಕೂಗಿಸಬೇಕು. ಆ ಲಗ್ನಪತ್ರಿಕೆಯ ಮುನಿಯಮ್ಮ ಬದುಕಿದ್ದಿದ್ದರೆ ಅನ್ವಿಯನ್ನು ಸಲೀಸಾಗಿ ಕರೆಯುತ್ತಿದ್ದರು. ಅದ್ವಿಕನಿಗೆ ಮಾತ್ರ ತಮ್ಮದೇ ಒಂದು ಹೆಸರು ಕಟ್ಟಿರುತ್ತಿದ್ದರು, ಬಹುಶಃ ಪುಟ್ಟಮುನಿ ಎಂದು.