ಕೊನೆಯ ಮೈಲಿಯ ಕೊನೆಯ ನೂರು ಹೆಜ್ಜೆ

ಸರಕು ಸಾಗಣೆಯ ವ್ಯವಹಾರದಲ್ಲಿ 'ಕೊನೆಯ ಮೈಲಿ' ಎಂಬ ಮಾತೊಂದಿದೆ. ಗೋದಾಮಿನಿಂದ ಗಿರಾಕಿಯ ಬಾಗಿಲಿನವರೆಗಿನ ಅಂತಿಮ ಹಂತಕ್ಕೆ ಈ ಹೆಸರು. ಭಿವಂಡಿಯ ಗೋದಾಮಿಗೆ ಒಂದೇ ಲಾರಿ ಸಾವಿರಾರು ಪೊಟ್ಟಣಗಳನ್ನು ತಂದು ಇಳಿಸುತ್ತದೆ. ಆ ಖರ್ಚು ಎಲ್ಲ ಪೊಟ್ಟಣಗಳಿಗೂ ಹಂಚಿಹೋಗುತ್ತದೆ. ಅಲ್ಲಿಂದ ಮುಂದೆ ಒಂದೊಂದು ಪೊಟ್ಟಣಕ್ಕೂ ಒಂದೊಂದು ಬಾಗಿಲು. ಮನೆಗೆ ಬೀಗ ಹಾಕಿದ್ದರೆ ಮರಳಿ ಒಯ್ಯಬೇಕು, ಮರುದಿನ ಮತ್ತೆ ಬರಬೇಕು. ಆದುದರಿಂದಲೇ ಈ ಚಿಕ್ಕ ಹಂತ ಇಷ್ಟು ದುಬಾರಿ. ಇದನ್ನು ಕುರಿತು ಕಂಪನಿಗಳೂ ಸರಕಾರವೂ ಬಹಳವಾಗಿ ಚಿಂತಿಸಿವೆ. ಆದರೆ ಆ ಮೈಲಿಯ ಕೊನೆಯ ನೂರು ಹೆಜ್ಜೆ, ಅಂದರೆ ಹೌಸಿಂಗ್ ಸೊಸೈಟಿಯ ಗೇಟಿನಿಂದ ಮನೆಬಾಗಿಲಿನವರೆಗಿನ ದಾರಿ, ನಮ್ಮ ಆಡಳಿತಕ್ಕೆ ಸೇರಿದ್ದು. ಅಲ್ಲಿ ನಾವು ನಡೆದುಕೊಳ್ಳುತ್ತಿರುವ ರೀತಿ ಮುಂಬಯಿಯ ಕನ್ನಡಿಗರಿಗೆ ಶೋಭಿಸುವಂಥದಲ್ಲ ಎಂಬುದು ನನ್ನ ಅಭಿಪ್ರಾಯ.

ಬಾಗಿಲನ್ನು ಹುಡುಕುವ ಕಷ್ಟ ದಿನೇ ದಿನೇ ಕಡಿಮೆಯಾಗುತ್ತಿದೆ. 1972ರ ಆಗಸ್ಟ್ 15ರಂದು ಬಂದ ಆರಂಕಿಯ ಪಿನ್‌ಕೋಡ್ ಪತ್ರವನ್ನು ಅಂಚೆ ಕಚೇರಿಯವರೆಗೆ ತಲುಪಿಸುತ್ತಿತ್ತು. ಅಲ್ಲಿಂದಾಚೆಗೆ ಅಂಚೆಯವನ ನೆನಪೇ ದಾರಿದೀಪ. 2025ರಲ್ಲಿ ಅಂಚೆ ಇಲಾಖೆ ಹೊರತಂದ 'ಡಿಜಿಪಿನ್' ದೇಶದ ನೆಲವನ್ನು ಸುಮಾರು 4 ಮೀಟರ್ ಉದ್ದಗಲದ ಚೌಕಗಳಾಗಿ ವಿಂಗಡಿಸಿ, ಪ್ರತಿಯೊಂದಕ್ಕೂ 10 ಅಕ್ಷರಗಳ ಸಂಕೇತವನ್ನು ಕೊಟ್ಟಿದೆ. ಆದರೂ ಮನೆ ಎಷ್ಟನೆಯ ಮಹಡಿಯಲ್ಲಿದೆ ಎಂಬುದನ್ನು ಅದು ಹೇಳದು.

ಮಹಡಿಯ ಗುರುತನ್ನು ಮುಂಬಯಿಯ ಡಬ್ಬಾವಾಲರು ಬುತ್ತಿಯ ಮುಚ್ಚಳದ ಮೇಲೆ ಬಣ್ಣದಲ್ಲಿ ಬರೆದುಕೊಂಡು ಬಂದಿದ್ದಾರೆ. 1890ರಲ್ಲಿ ಮಹಾದೇವ ಹಾವಜಿ ಬಚ್ಚೆ ಆರಂಭಿಸಿದ ಈ ಕಸುಬಿನ ಬಲ ಬರಿಯ ಗುರುತುಗಳಲ್ಲಿಲ್ಲ. ಡಬ್ಬಾವಾಲ ಯಾರ ನೌಕರನೂ ಅಲ್ಲ, ತಂಡದ ಗಳಿಕೆಯಲ್ಲಿ ಪಾಲುದಾರ. ದಿನವೂ ಅದೇ ಮನೆಗೆ ಹೋಗುವವನಾದ್ದರಿಂದ ಗೇಟಿನಲ್ಲಿ ಅವನನ್ನು ಯಾರೂ ತಡೆಯುವುದಿಲ್ಲ.

ಇಂದಿನ ಡೆಲಿವರಿ ಹುಡುಗನಿಗೆ ಈ ಎರಡೂ ಇಲ್ಲ. ಅವನ ಗಳಿಕೆ ತಲುಪಿಸಿದ ಪೊಟ್ಟಣದ ಲೆಕ್ಕದಲ್ಲಿ. ಅವನ ಪಾಲಿಗೆ ಪ್ರತಿಯೊಂದು ಬಾಗಿಲೂ ಹೊಸತು. ವಾಚ್‌ಮನ್ ಹೆಸರು ಬರೆಸಿಕೊಳ್ಳುತ್ತಾನೆ, ಮೇಲಕ್ಕೆ ಫೋನು ಮಾಡುತ್ತಾನೆ, ನಾವು ಎತ್ತುವುದಿಲ್ಲ. ಹೀಗೆ ಕಳೆದ ಹೊತ್ತು ಅವನ ದುಡಿಮೆಯ ಹೊತ್ತಿನಿಂದಲೇ ಕಳೆದುಹೋಗುತ್ತದೆ. ಒಳಗೆ ಬಿಟ್ಟ ಮೇಲೂ 'ಡೆಲಿವರಿಯವರು ಈ ಲಿಫ್ಟನ್ನು ಬಳಸಕೂಡದು' ಎಂಬ ಫಲಕ ಅವನನ್ನು ಎದುರುಗೊಳ್ಳುತ್ತದೆ. ನಾನಿರುವ ಕಟ್ಟಡದಲ್ಲಿಯೂ ಅದು ಇದೆ. ಅದನ್ನು ತೆಗೆಸಬೇಕೆಂದು ಸಭೆಯಲ್ಲಿ ನಾನು ಕೇಳಿದಾಗ ಸಿಕ್ಕಿದ ಉತ್ತರ ಒಂದೇ: ಭದ್ರತೆ.

ಭದ್ರತೆಯ ಕಾಳಜಿಯನ್ನು ನಾನು ಅಲ್ಲಗಳೆಯುವುದಿಲ್ಲ. ಒಂಟಿಯಾಗಿರುವ ವೃದ್ಧರು ನಮ್ಮಲ್ಲಿ ಅನೇಕರಿದ್ದಾರೆ. ಆದರೆ ಗೇಟಿನಲ್ಲಿ ಹೆಸರು, ಫೋನ್ ನಂಬರು ಕೊಟ್ಟು ಒಳಗೆ ಬಂದವನು ಹಿಂದಿನ ಲಿಫ್ಟಿನಲ್ಲಿ ಹತ್ತಿದರೆ ಸುರಕ್ಷಿತ, ಮುಂದಿನ ಲಿಫ್ಟಿನಲ್ಲಿ ಹತ್ತಿದರೆ ಅಪಾಯಕಾರಿ ಎಂಬುದು ಯಾವ ತರ್ಕ? ಇದು ಭದ್ರತೆಯ ಹೆಸರಿನಲ್ಲಿ ನುಸುಳಿದ ಹಳೆಯ ಮೈಲಿಗೆಯ ಭಾವನೆ ಎಂದು ನೇರವಾಗಿ ಒಪ್ಪಿಕೊಳ್ಳುವುದೇ ಲೇಸು.

ಕಾನೂನು ತಡವಾಗಿಯಾದರೂ ಹೆಜ್ಜೆಯಿಟ್ಟಿದೆ. 2023ರಲ್ಲಿ ರಾಜಸ್ಥಾನ, 2025ರಲ್ಲಿ ಕರ್ನಾಟಕ ಗಿಗ್ ಕಾರ್ಮಿಕರಿಗಾಗಿ ಕಾಯಿದೆ ಮಾಡಿದವು. ಕರ್ನಾಟಕದ ಕಾಯಿದೆ ಪ್ರತಿ ಕೆಲಸಕ್ಕೆ ಕಾರ್ಮಿಕನಿಗೆ ಸಲ್ಲುವ ಹಣದ ಶೇಕಡಾ 1ರಿಂದ 5ರಷ್ಟನ್ನು ಕಂಪನಿಗಳಿಂದ ಕಲ್ಯಾಣ ಶುಲ್ಕವಾಗಿ ಪಡೆಯಲು ಅವಕಾಶ ಕಲ್ಪಿಸಿದೆ. ಕೇಂದ್ರದ 2020ರ ಸಾಮಾಜಿಕ ಭದ್ರತಾ ಸಂಹಿತೆ 2025ರ ನವೆಂಬರ್ 21ರಂದು ಜಾರಿಗೆ ಬಂದಿತು. ಇವೆಲ್ಲ ಕಂಪನಿಗಳ ಹೊಣೆಯ ಮಾತು. ಲಿಫ್ಟಿನ ಫಲಕವನ್ನು ಬರೆಸಿದವರು ಕಂಪನಿಯವರಲ್ಲ, ನಾವು.

ಈ ಊರಿನ ಕನ್ನಡಿಗರಿಗೆ ಇದರಲ್ಲಿ ವಿಶೇಷ ಹೊಣೆಯಿದೆ. ಕರಾವಳಿಯಿಂದ ಬಂದು ಹೋಟೆಲುಗಳಲ್ಲಿ ಹಗಲು ತಟ್ಟೆ ತೊಳೆದು, ಇರುಳು ಕನ್ನಡ ರಾತ್ರಿಶಾಲೆಗಳಲ್ಲಿ ಅಕ್ಷರ ಕಲಿತ ಹುಡುಗರು ಕಟ್ಟಿದ ಸಮಾಜ ನಮ್ಮದು. ಅಂದಿನ ಧಣಿ ಕಠಿಣನಿದ್ದಿರಬಹುದು, ಆದರೆ ಅವನಿಗೊಂದು ಮುಖವಿತ್ತು. ಹುಡುಗನಿಗೆ ಹೋಟೆಲಿನಲ್ಲೇ ಊಟವೂ ಮಲಗಲು ಜಾಗವೂ ದೊರೆಯುತ್ತಿದ್ದವು. ಇಂದಿನ ಹುಡುಗನ ಧಣಿ ಫೋನಿನೊಳಗಿನ ಲೆಕ್ಕಾಚಾರ. ಅವನು ಬಿಹಾರದವನೋ ಬೀದರಿನವನೋ ಎಂದು ನಾವು ಕೇಳುವ ಮೊದಲೇ ಅವನು ಮೆಟ್ಟಿಲಿಳಿದಿರುತ್ತಾನೆ.

ನಮ್ಮ ಸದಸ್ಯರಲ್ಲಿ ಅನೇಕರು ಸೊಸೈಟಿಗಳ ಕಾರ್ಯದರ್ಶಿಗಳು, ಅಧ್ಯಕ್ಷರು. ಅವರಲ್ಲಿ ನನ್ನ ಬಿನ್ನಹ ಇಷ್ಟೇ. ಮುಂದಿನ ಮಹಾಸಭೆಯಲ್ಲಿ ಆ ಫಲಕವನ್ನು ತೆಗೆಸುವ ಠರಾವು ಮಂಡಿಸಿರಿ. ಗೇಟಿನ ಬಳಿ ಕುಡಿಯುವ ನೀರು, ಕೂರಲು ಒಂದು ಬೆಂಚು, ವಾಚ್‌ಮನ್‌ಗಳ ಶೌಚಾಲಯವನ್ನು ಬಳಸಲು ಅನುಮತಿ, ಇವನ್ನು ಒದಗಿಸಿರಿ. ಉಳಿದವರು ವಿಳಾಸದಲ್ಲಿ ವಿಂಗು, ಮಹಡಿಗಳನ್ನು ಪೂರ್ತಿಯಾಗಿ ಬರೆದು, ಫೋನು ಬಂದಾಗ ಎತ್ತಿರಿ. ಇದಕ್ಕೆ ಯಾವ ಸರಕಾರದ ಅಪ್ಪಣೆಯೂ ಬೇಕಿಲ್ಲ, ಹೆಚ್ಚಿನ ಖರ್ಚೂ ಇಲ್ಲ.