ಕುಗ್ಗಿಸಿದರೆ ಉಳಿಯಿತೆಂದು ಯಾರು ಹೇಳಿದ್ದು?

ನಮ್ಮ ವಾಚನಾಲಯದ ಕಪಾಟಿನಲ್ಲಿರುವ ಯಕ್ಷಗಾನದ ಹಳೆಯ ವೀಡಿಯೊ ಕ್ಯಾಸೆಟ್‌ಗಳನ್ನೆಲ್ಲ ಚಿಕ್ಕ ಫೈಲ್ ಮಾಡಿ ಒಂದು ಪೆನ್‌ಡ್ರೈವಿಗೆ ಹಾಕುವುದು, ಮತ್ತೆ ಕ್ಯಾಸೆಟ್‌ಗಳನ್ನು ಗುಜರಿಗೆ ಕೊಡುವುದು ಎಂಬ ಸಲಹೆ ಬಂದಿದೆ. ಹೇಳಿದವರು ಊರಿನ ಹಿತೈಷಿಗಳೇ. ಆದರೂ ನಾನು ಒಪ್ಪುವುದಿಲ್ಲ. ಇದು ಕಾಪಿಡುವ ಕೆಲಸವಲ್ಲ, ಮರ್ಯಾದೆಯಿಂದ ಬಿಸಾಡುವ ಕೆಲಸ.

ವೀಡಿಯೊ ಕುಗ್ಗಿಸುವುದೆಂದರೆ ವೇಷ್ಟಿ ಮಡಚಿ ಇಟ್ಟ ಹಾಗೆ, ಬಿಚ್ಚಿದರೆ ಪುನಃ ಅಷ್ಟೇ ಉದ್ದ ಸಿಕ್ಕುತ್ತದೆ ಎಂದು ಬಹಳ ಜನ ತಿಳಿದಿದ್ದಾರೆ. ಮೊಬೈಲಿನಲ್ಲೂ ಸ್ಟುಡಿಯೋದಲ್ಲೂ ಮಾಡುವ ಎಚ್.264, ಎಚ್.265 ಹಾಗಲ್ಲ ಮಾರಾಯ್ರೇ. ಅದು ಒಂದು ಚಿತ್ರವನ್ನು ಪೂರ್ತಿ ಬರೆದು, ಮುಂದಿನವುಗಳಲ್ಲಿ ಬದಲಾದದ್ದನ್ನು ಮಾತ್ರ ಬರೆಯುತ್ತದೆ. ಕಣ್ಣಿಗೆ ಬೇಡವೆಂದು ತೋರಿದ್ದನ್ನು ಅಳಿಸುತ್ತದೆ. ಕುರ್ಚಿಯಲ್ಲಿ ಕೂತು ಭಾಷಣ ಮಾಡುವವರಿಗೆ ಅಷ್ಟು ಸಾಕು. ವೇಷ ದಿಗಿಣ ಹಾರುವಾಗ ಎಂತ ಆಗುತ್ತದೆ? ಇಡೀ ಚಿತ್ರ ಒಟ್ಟಿಗೆ ಬದಲಾಗುತ್ತದೆ, ಚಿಕ್ಕ ಫೈಲಿನಲ್ಲಿ ಬರೆಯಲಿಕ್ಕೆ ಜಾಗ ಸಾಲುವುದಿಲ್ಲ, ಮುಖವರ್ಣಿಕೆ ಚೌಕಚೌಕವಾಗಿ ಕಲಸಿಹೋಗುತ್ತದೆ. ಧ್ವನಿಯನ್ನೂ ಹಾಗೆ ಹಿಂಡಿದರೆ ಚೆಂಡೆಯ ಪೆಟ್ಟಿನ ಮೊನೆಯೇ ಹೋಗುತ್ತದೆ. ಹೋದದ್ದು ಮತ್ತೆ ಬಾರದು.

ಪದ್ಯ ಅಚ್ಚಾದ ಪ್ರಸಂಗದಲ್ಲಿ ಉಂಟು, ಅದರ ಚಿಂತೆ ಇಲ್ಲ. ಅರ್ಥ? ಅದು ಆ ರಾತ್ರಿ ಆ ಕಲಾವಿದರ ಬಾಯಲ್ಲಿ ಹುಟ್ಟಿದ್ದು, ಯಾವ ಪುಸ್ತಕದಲ್ಲೂ ಇಲ್ಲ. 1956ರಲ್ಲಿ ಕೇರಳಕ್ಕೆ ಸೇರಿದ ಮೇಲೆ ಕಚೇರಿಯಲ್ಲಿ ನಮ್ಮ ಕನ್ನಡ ಸೊರಗಿತು; ಪಾರ್ತಿಸುಬ್ಬನ ಈ ಕುಂಬಳೆ ಸೀಮೆಯಲ್ಲಿ ರಂಗಸ್ಥಳದ ಕನ್ನಡ ಸೊರಗಲಿಲ್ಲ. ಅದಕ್ಕೆ ಸಾಕ್ಷಿ ಈ ಕ್ಯಾಸೆಟ್‌ಗಳೇ. ಸಾಕ್ಷಿಯ ನಾಲಿಗೆಯನ್ನು ನಾವೇ ತುಂಡು ಮಾಡುವುದೇ?

“ಅಷ್ಟು ಜಾಗ ಎಲ್ಲಿಂದ ತರುವುದು?” ಎಂದು ಕೇಳುತ್ತಾರೆ. ಲೆಕ್ಕ ಹಾಕುವ. ಏನನ್ನೂ ಕಳೆಯದೆ ಕುಗ್ಗಿಸುವ ಎಫ್‌ಎಫ್‌ವಿ1 ಎಂಬ ವಿಧಾನ ಉಂಟು, ಅದಕ್ಕೆ ದುಡ್ಡು ಕೊಡಬೇಕಾಗಿಲ್ಲ. ಹಳೆಯ ಕ್ಯಾಸೆಟ್ ಅದರಲ್ಲಿ ಗಂಟೆಗೆ ಸಾಧಾರಣ 30ರಿಂದ 40 ಜಿಬಿ ಹಿಡಿಯುತ್ತದೆ. ಒಂಬತ್ತು ಗಂಟೆಯ ಆಟವಾದರೂ 4 ಟಿಬಿ ಹಾರ್ಡ್‌ಡಿಸ್ಕಿನಲ್ಲಿ ಹತ್ತಕ್ಕೂ ಹೆಚ್ಚು ರಾತ್ರಿ ಹಿಡಿಯುತ್ತದೆ. ಅಂಥ ಡಿಸ್ಕ್ ಎರಡು ಬೇಕು, ಒಂದು ಇಲ್ಲಿ, ಇನ್ನೊಂದು ಬೇರೆ ಊರಿನಲ್ಲಿ. ವಾರ್ಷಿಕೋತ್ಸವದ ಶಾಮಿಯಾನಕ್ಕೆ ದುಡ್ಡು ಹುಟ್ಟುತ್ತದೆ, ಇದಕ್ಕೆ ಮಾತ್ರ ಹುಟ್ಟುವುದಿಲ್ಲ!

ಮೊಬೈಲಿನಲ್ಲೇ ತೆಗೆದ ಆಟಗಳ ವಿಷಯ ಬೇರೆ. ಅವು ಹುಟ್ಟುವಾಗಲೇ ಕುಗ್ಗಿದವು. ಎಫ್‌ಎಫ್‌ವಿ1 ಮಾಡಿದರೆ ಗಾತ್ರ ಬೆಳೆದೀತು, ಚಂದ ಬೆಳೆಯಲಿಕ್ಕಿಲ್ಲ. ಮೂಲ ಫೈಲನ್ನು ಹಾಗೆಯೇ ಇಟ್ಟರಾಯಿತು. ಆದರೆ ವಾಟ್ಸಾಪಿನಲ್ಲಿ ಬಂದದ್ದನ್ನು ಮೂಲವೆಂದು ಕೊಡಬೇಡಿ, ಅದು ದಾರಿಯಲ್ಲೇ ಇನ್ನೊಮ್ಮೆ ಹಿಂಡಿಸಿಕೊಂಡು ಬಂದದ್ದು.

ಪೆನ್‌ಡ್ರೈವ್ ಪ್ರತಿ ಬೇಡವೆಂದು ನಾನು ಹೇಳುವುದಿಲ್ಲ. ನೋಡಲಿಕ್ಕೆ, ಮಕ್ಕಳಿಗೆ ತೋರಿಸಲಿಕ್ಕೆ ಅದು ಒಳ್ಳೆಯದೇ. ಮೂಲದಿಂದ ಅಂಥದ್ದನ್ನು ನೂರು ಮಾಡಬಹುದು. ಅದರಿಂದ ಮೂಲ ಮಾಡಲಿಕ್ಕೆ ಬರುವುದಿಲ್ಲ. ಕ್ಯಾಸೆಟ್‌ಗಳೂ ಕಪಾಟಿನಲ್ಲೇ ಇರಲಿ.

ತಡ ಮಾಡುವ ಹಾಗಂತೂ ಇಲ್ಲ. ನಮ್ಮ ಕರಾವಳಿಯ ತೇವಕ್ಕೆ ಟೇಪಿಗೆ ಬೂಷ್ಟು ಹಿಡಿಯುತ್ತದೆ. ವಿಸಿಆರ್ ತಯಾರಿಸುತ್ತಿದ್ದ ಜಪಾನಿನ ಕೊನೆಯ ಕಂಪೆನಿಯೂ 2016ರಲ್ಲಿ ಕೈಬಿಟ್ಟಿತು. ಯಾರ ಅಟ್ಟದಲ್ಲಾದರೂ ನಡೆಯುವ ವಿಸಿಆರ್ ಇದ್ದರೆ, ಮಳೆ ಹಿಡಿಯುವ ಮೊದಲು ವಾಚನಾಲಯಕ್ಕೆ ತಂದುಕೊಡಿ.