ಕೊಲ್ಲಿಯ ತಂಪು, ಬೆಟ್ಟದ ನೀರು

ಅಮೆರಿಕದ ಪಶ್ಚಿಮ ಕರಾವಳಿಯ ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯ ಸುತ್ತ ನೆಲೆಸಿರುವ ಕನ್ನಡಿಗರ ಸಂಖ್ಯೆ ಸಣ್ಣದಲ್ಲ. ಉತ್ತರ ಕ್ಯಾಲಿಫೋರ್ನಿಯಾದ ಕನ್ನಡ ಕೂಟ 1973ರಲ್ಲಿಯೇ ಆರಂಭವಾಯಿತು. ಗಣಕಯಂತ್ರಗಳ ಉದ್ಯಮ ಬೆಳೆದಂತೆಲ್ಲ ಮಲೆನಾಡಿನ ಹಳ್ಳಿಗಳ ಮಕ್ಕಳೂ ಅತ್ತ ಹೊರಟರು. ಹೊರಡುವವರು ಕೇಳುವ ಮೊದಲ ಪ್ರಶ್ನೆ ಅಲ್ಲಿಯ ಹವೆ ಹೇಗಿದೆ ಎಂಬುದು. ದೊರೆಯುವ ಉತ್ತರ ಮಾತ್ರ ಒಬ್ಬೊಬ್ಬರದು ಒಂದೊಂದು. ಜುಲೈ ತಿಂಗಳಲ್ಲಿ ಸ್ವೆಟರ್ ಬೇಕೆನ್ನುತ್ತಾರೆ ಒಬ್ಬರು. ಹತ್ತಿಯ ಅಂಗಿ ಸಾಕೆನ್ನುತ್ತಾರೆ ಇನ್ನೊಬ್ಬರು. ಫ್ಯಾನ್ ಹಾಕಿದರೂ ಸೆಕೆ ತಡೆಯದೆನ್ನುತ್ತಾರೆ ಮತ್ತೊಬ್ಬರು. ಮೂವರ ಮಾತೂ ನಿಜ. ಅವರ ಮನೆಗಳ ನಡುವಿನ ಅಂತರ ಸಾಗರದಿಂದ ಶಿವಮೊಗ್ಗಕ್ಕೆ ಇರುವಷ್ಟೇ.

ಇದರ ಕಾರಣವನ್ನು ಕಡಲಿನಲ್ಲಿ ಹುಡುಕಬೇಕು. ಕ್ಯಾಲಿಫೋರ್ನಿಯಾದ ದಡದುದ್ದಕ್ಕೂ ಉತ್ತರದಿಂದ ದಕ್ಷಿಣಕ್ಕೆ ತಣ್ಣನೆಯ ಸಾಗರ ಪ್ರವಾಹವೊಂದು ಹರಿಯುತ್ತದೆ. ವಸಂತದಿಂದ ಬೇಸಿಗೆಯವರೆಗೆ ಬೀಸುವ ವಾಯವ್ಯದ ಗಾಳಿ ಮೇಲ್ಪದರದ ನೀರನ್ನು ದಡದಿಂದ ಆಚೆಗೆ ಸರಿಸುತ್ತದೆ. ತೆರವಾದ ಜಾಗಕ್ಕೆ ಆಳದಿಂದ ಇನ್ನಷ್ಟು ತಣ್ಣನೆಯ ನೀರು ಮೇಲೇರುತ್ತದೆ. ಅದರ ಮೇಲೆ ಹಾಯುವ ತೇವದ ಗಾಳಿ ತಣಿದು ಮಂಜಾಗುತ್ತದೆ. ಅದೇ ವೇಳೆಗೆ ಬೆಟ್ಟಗಳ ಆಚೆಗಿರುವ ಮಧ್ಯ ಕಣಿವೆಯಲ್ಲಿ ಉಷ್ಣತೆ 38 ಡಿಗ್ರಿ ಮುಟ್ಟಿರುತ್ತದೆ. ಕಾದ ಗಾಳಿ ಮೇಲೇರಿ ಅಲ್ಲಿ ಒತ್ತಡ ಕುಸಿದಾಗ ಕಡಲ ಗಾಳಿ ಒಳಕ್ಕೆ ನುಗ್ಗಬೇಕು. ಆದರೆ ಕರಾವಳಿಯ ಬೆಟ್ಟಸಾಲು ಅಡ್ಡ ನಿಂತಿದೆ. ಈ ಸಾಲು ಸಮುದ್ರಮಟ್ಟದವರೆಗೆ ಸೀಳಿರುವುದು ಗೋಲ್ಡನ್ ಗೇಟ್ ಎಂಬಲ್ಲಿ. ಅತಿ ಕಿರಿದಾದ ಕಡೆ ಈ ಕಂಡಿಯ ಅಗಲ ಸುಮಾರು 1.6 ಕಿ.ಮೀ. ಮಾತ್ರ. ಪಶ್ಚಿಮ ಘಟ್ಟದ ಪಾಲಕ್ಕಾಡ್ ಕಂಡಿಯಿಂದ ಮುಂಗಾರಿನ ಗಾಳಿ ಕೊಯಮತ್ತೂರಿನ ಕಡೆಗೆ ಹಾಯುವುದನ್ನು ಬಲ್ಲವರಿಗೆ ಇದನ್ನು ಬೇರೆ ವಿವರಿಸಬೇಕಾಗಿಲ್ಲ.

ಆದ್ದರಿಂದ ಜುಲೈ ತಿಂಗಳ ನಡುಹಗಲಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ನಗರದಲ್ಲಿ 19-20 ಡಿಗ್ರಿ, ಕೊಲ್ಲಿಯ ದಕ್ಷಿಣ ತುದಿಯ ಸ್ಯಾನ್ ಹೊಸೆಯಲ್ಲಿ 28 ಡಿಗ್ರಿಯ ಆಸುಪಾಸು, ಪೂರ್ವದ ಬೆಟ್ಟಗಳ ಹಿಂದಿನ ಲಿವರ್‌ಮೋರ್‌ನಲ್ಲಿ 32 ಡಿಗ್ರಿ. ಇದನ್ನು ಉಷ್ಣಮಾಪಕವಿಲ್ಲದೆ ಬೆಳೆಗಳಿಂದಲೇ ಓದಬಹುದು. ಮಂಜು ಕವಿಯುವ ಹಾಫ್ ಮೂನ್ ಬೇ ತೀರದಲ್ಲಿ ಬ್ರಸೆಲ್ಸ್ ಸ್ಪ್ರೌಟ್ ಮತ್ತು ಆರ್ಟಿಚೋಕ್. ಬಿಸಿಯಾದ ಲಿವರ್‌ಮೋರ್ ಕಣಿವೆಯಲ್ಲಿ ದ್ರಾಕ್ಷಿ. ಅದರಾಚೆ ಆಲ್ಟಮಾಂಟ್ ಕಣಿವೆದಾರಿಯಲ್ಲಿ 1980ರ ದಶಕದಿಂದ ನಿಂತಿರುವ ಗಾಳಿಯಂತ್ರಗಳು ತಿರುಗುವುದೂ ಇದೇ ಕಡಲ ಗಾಳಿಗೆ. ಆ ಯಂತ್ರಗಳ ರೆಕ್ಕೆಗೆ ಸಿಕ್ಕಿ ಸತ್ತ ಹದ್ದು ಗಿಡುಗಗಳ ಕಥೆ ಬೇರೆಯೇ ಇದೆ. ನಗರದಲ್ಲಂತೂ ಅತ್ಯಂತ ಬೆಚ್ಚನೆಯ ತಿಂಗಳು ಸೆಪ್ಟೆಂಬರ್. ಬೇಸಿಗೆಯೆಂದು ತೆಳು ಬಟ್ಟೆ ತೊಟ್ಟು ಹೋದವರು ಸಂಜೆ ನಡುಗುತ್ತ ನಿಲ್ಲುವುದು ಅಲ್ಲಿ ಸಾಮಾನ್ಯ ನೋಟ.

ಮಳೆಯ ಲೆಕ್ಕ ಮಲೆನಾಡಿನದಕ್ಕೆ ತದ್ವಿರುದ್ಧ. ನವೆಂಬರಿನಿಂದ ಏಪ್ರಿಲ್‌ವರೆಗೆ ಮಳೆ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಹುತೇಕ ಒಂದು ಹನಿಯೂ ಇಲ್ಲ. ಸೋನೆ ಹಿಡಿದು ಅಡಿಕೆ ಒಣಗದೆ ಕಂಗೆಟ್ಟ ಬೆಳೆಗಾರರಿಗೆ ಇದನ್ನು ಕೇಳಿ ಅಸೂಯೆಯಾದರೆ ಆಶ್ಚರ್ಯವಿಲ್ಲ. ಮಳೆನೆರಳು ಅಲ್ಲಿಯೂ ಇದೆ. ಸಾಂತಾ ಕ್ರೂಜ್ ಬೆಟ್ಟಗಳ ನೆತ್ತಿಯಲ್ಲಿ 1000 ಮಿ.ಮೀ. ದಾಟಿ ಸುರಿಯುವ ಮಳೆ, ಬೆಟ್ಟ ಇಳಿದು ಸ್ಯಾನ್ ಹೊಸೆಗೆ ಬರುವಷ್ಟರಲ್ಲಿ 350-400 ಮಿ.ಮೀ.ಗೆ ಇಳಿದಿರುತ್ತದೆ. ಬೇಸಿಗೆಯಲ್ಲಿ ಕಾಡಿಗೆ ನೀರೂಡುವುದು ಮಂಜೇ. ಬರ್ಕ್ಲಿ ವಿಶ್ವವಿದ್ಯಾಲಯದ ಟಾಡ್ ಡಾಸನ್ 1998ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ರೆಡ್‌ವುಡ್ ಕಾಡಿಗೆ ವರ್ಷದಲ್ಲಿ ದಕ್ಕುವ ನೀರಿನ ಸುಮಾರು ಮೂರನೆಯ ಒಂದು ಭಾಗ ಎಲೆಗಳಿಂದ ತೊಟ್ಟಿಕ್ಕುವ ಮಂಜಿನದು. ಮರ ಕಡಿದರೆ ಈ ತೊಟ್ಟಿಕ್ಕುವಿಕೆಯೂ ನಿಲ್ಲುತ್ತದೆ. ಇಪ್ಪತ್ತನೆಯ ಶತಮಾನದ ಆರಂಭಕ್ಕೆ ಹೋಲಿಸಿದರೆ ಮಂಜು ಕವಿಯುವ ಅವಧಿ ಮೂರನೆಯ ಒಂದು ಭಾಗದಷ್ಟು ತಗ್ಗಿದೆಯೆಂದು ಅವರೇ ಸಹಲೇಖಕರಾಗಿದ್ದ 2010ರ ಮತ್ತೊಂದು ಅಧ್ಯಯನ ತೋರಿಸಿತು.

ಇಷ್ಟೆಲ್ಲ ಹವೆಯ ಮಾತಾಯಿತು. ಆದರೆ ಹಿತವಾದ ಹವೆಯೊಂದರಿಂದಲೇ ಕೋಟಿಗಟ್ಟಲೆ ಬೆಲೆಯ ಮನೆಗಳು ಏಳುವುದಿಲ್ಲ. ಕೆಳಗೆ ನೆಲ ಬೇಕು, ನಲ್ಲಿಗೆ ನೀರು ಬೇಕು. ಇವೆರಡು ಎಲ್ಲಿಂದ ಬಂದವೆಂದು ಮನೆ ಹಿಡಿಯುವವರಲ್ಲಿ ಕೇಳುವವರು ವಿರಳ.

ಇಂದು ಸಿಲಿಕಾನ್ ವ್ಯಾಲಿ ಎನಿಸಿಕೊಂಡಿರುವ ಸಾಂತಾ ಕ್ಲಾರಾ ಕಣಿವೆ ಇಪ್ಪತ್ತನೆಯ ಶತಮಾನದ ನಡುಭಾಗದವರೆಗೂ ತೋಟಗಳ ನಾಡಾಗಿತ್ತು. ‘ಮನದಾನಂದದ ಕಣಿವೆ’ ಎಂಬುದು ಅದರ ಹಳೆಯ ಹೆಸರಿನ ಅರ್ಥ. ಹೊಳೆಗಳು ಸಾವಿರಾರು ವರ್ಷ ಹೊತ್ತು ತಂದು ಹಾಸಿದ ಆಳವಾದ ಮೆಕ್ಕಲು ಮಣ್ಣು, ಹಣ್ಣಿನ ಮರಗಳು ಹೂ ಬಿಡಲು ಬೇಕಾದ ಚಳಿಗಾಲದ ತಂಪು, ಹಣ್ಣನ್ನು ಬಯಲಿನಲ್ಲೇ ಹರಡಿ ಒಣಗಿಸಲು ಮಳೆಯಿಲ್ಲದ ಬೇಸಿಗೆ: ಈ ಮೂರು ಒಂದೆಡೆ ಕೂಡುವುದು ಅಪರೂಪ. ಪ್ಲಮ್ ಹಣ್ಣನ್ನು ಒಣಗಿಸಿ ಮಾಡುವ ಪ್ರೂನ್‌ಗೆ, ಏಪ್ರಿಕಾಟ್‌ಗೆ, ಚೆರ್ರಿಗೆ ಆ ಕಣಿವೆ ಹೆಸರಾಗಿತ್ತು. ಅಂಥ ಮಣ್ಣಿನ ಮೇಲೆ ಇಂದು ವಾಹನ ನಿಲ್ದಾಣಗಳಿವೆ. ಹಾಗೆಂದು ತೋಟಗಾರರೂ ನಿರ್ದೋಷಿಗಳಲ್ಲ. ನೀರಾವರಿಗೆಂದು ಅವರು ಮೊದಲು, ಬೆಳೆದ ನಗರಗಳು ಆಮೇಲೆ, ಅಂತರ್ಜಲವನ್ನು ಎಷ್ಟು ಎತ್ತಿದರೆಂದರೆ 1910ರ ದಶಕದಿಂದ 1969ರ ಸುಮಾರಿಗೆ ಸ್ಯಾನ್ ಹೊಸೆ ಪೇಟೆಯ ನೆಲ ಸುಮಾರು 13 ಅಡಿ ಕುಸಿಯಿತು. 1930ರ ದಶಕದಲ್ಲಿ ಅಣೆಕಟ್ಟು ಇಂಗುಕೆರೆಗಳನ್ನು ಕಟ್ಟಿದರು. ಹೊರಗಿನಿಂದ ಕಾಲುವೆಯ ನೀರು ಬಂದ ಮೇಲಷ್ಟೇ ಕುಸಿತ ನಿಂತಿತು. ಕುಸಿದ ನೆಲ ಮರಳಿ ಏಳಲಿಲ್ಲ. ಜೇಡಿಯ ಪದರ ಒಮ್ಮೆ ಹಿಂಡಿಹೋದರೆ ಮತ್ತೆ ಉಬ್ಬುವುದಿಲ್ಲ. ಊರಿಗೊಂದು ಕೆರೆಯಿದ್ದರೂ ಮನೆಗೊಂದು ಕೊಳವೆಬಾವಿ ತೋಡಿಸುವ ಹಳ್ಳಿಗಳಲ್ಲಿ ಈ ಸಂಗತಿಯನ್ನು ಶಾಲೆಯ ಪಾಠದಲ್ಲಿ ಸೇರಿಸಬಹುದು.

ನೀರಿನದು ಇನ್ನೂ ದೊಡ್ಡ ಕಥೆ. ಸ್ಯಾನ್ ಫ್ರಾನ್ಸಿಸ್ಕೊ ನಗರದ, ಮತ್ತು ಕೊಲ್ಲಿಯ ಸುತ್ತಲಿನ ಅನೇಕ ಊರುಗಳ ನಲ್ಲಿಯಲ್ಲಿ ಬರುವ ನೀರು ಕೊಲ್ಲಿಯದಲ್ಲ, ಹತ್ತಿರದ ಹೊಳೆಯದೂ ಅಲ್ಲ. ಅದು ಸುಮಾರು 270 ಕಿ.ಮೀ. ದೂರದ ಸಿಯೆರಾ ನೆವಾಡ ಬೆಟ್ಟಗಳಿಂದ, ಯೊಸೆಮಿಟಿ ರಾಷ್ಟ್ರೀಯ ಉದ್ಯಾನದೊಳಗಿನ ಹೆಚ್ ಹೆಚಿ ಕಣಿವೆಯಿಂದ ಬರುತ್ತದೆ. 1906ರ ಭೂಕಂಪ ಮತ್ತು ಬೆಂಕಿಯ ಬಳಿಕ ನಗರದ ಬೇಡಿಕೆಗೆ ಬಲ ಬಂದಿತು. ಜಾನ್ ಮ್ಯೂರ್ ಮತ್ತು ಸಿಯೆರಾ ಕ್ಲಬ್ ವರ್ಷಗಟ್ಟಲೆ ವಿರೋಧಿಸಿದರೂ 1913ರ ಡಿಸೆಂಬರಿನಲ್ಲಿ ಅಮೆರಿಕದ ಸಂಸತ್ತು ಅಣೆಕಟ್ಟೆಗೆ ಒಪ್ಪಿಗೆ ನೀಡಿತು. ಮರುವರ್ಷ ಮ್ಯೂರ್ ತೀರಿಕೊಂಡರು. 1923ರಲ್ಲಿ ಅಣೆಕಟ್ಟೆ ಮುಗಿಯಿತು, 1934ರಲ್ಲಿ ನೀರು ನಗರ ತಲುಪಿತು. ನೀರು ಅತ್ಯಂತ ಶುದ್ಧವೆಂದು ಅಲ್ಲಿಯವರು ಹೊಗಳುತ್ತಾರೆ, ಹೊಗಳಿಕೆ ಸುಳ್ಳಲ್ಲ. ಕಣಿವೆಯನ್ನು ಬರಿದುಮಾಡಿ ಮರಳಿ ಕಾಡಾಗಿಸುವ ಬಗ್ಗೆ ಯೋಜನೆ ಸಿದ್ಧಪಡಿಸಬೇಕೆ ಎಂದು 2012ರಲ್ಲಿ ನಗರದ ಮತದಾರರನ್ನು ಕೇಳಲಾಯಿತು. ಪರಿಸರಪ್ರೀತಿಗೆ ಹೆಸರಾದ ಆ ನಗರದಲ್ಲಿ ಮುಕ್ಕಾಲು ಭಾಗಕ್ಕೂ ಹೆಚ್ಚು ಜನ ಬೇಡವೆಂದರು. ಒಮ್ಮೆ ನಗರದ ಬಾಯಿಗೆ ಹತ್ತಿದ ನೀರು ಬೆಟ್ಟಕ್ಕೆ ಮರಳುವುದಿಲ್ಲವೆಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ. ಲಿಂಗನಮಕ್ಕಿಯಿಂದ ಬೆಂಗಳೂರಿಗೆ ನೀರೊಯ್ಯುವ ಪ್ರಸ್ತಾಪದ ವಿರುದ್ಧ 2019ರ ಜುಲೈಯಲ್ಲಿ ಶಿವಮೊಗ್ಗ ಜಿಲ್ಲೆ ಬಂದ್ ಆಚರಿಸಿದ್ದು ಅತಿರೇಕವೆಂದವರು ಹೆಚ್ ಹೆಚಿಯ ನೂರು ವರ್ಷಗಳನ್ನು ಒಮ್ಮೆ ನೋಡಬೇಕು.

ಕೊಲ್ಲಿಯನ್ನೇ ಹೂಳಿ ನೆಲ ಮಾಡುವ ಹುಚ್ಚೂ ಅಲ್ಲಿ ನಡೆದಿತ್ತು. 1961ರ ವೇಳೆಗೆ ಅದರ ಸುಮಾರು ಮೂರನೆಯ ಒಂದು ಭಾಗ ಹೂತುಹೋಗಿ, ಇಲ್ಲವೆ ಕಟ್ಟೆಯೊಳಗೆ ಸೇರಿಹೋಗಿ, ನಷ್ಟವಾಗಿತ್ತು. ಬರ್ಕ್ಲಿ ನಗರವಂತೂ ಕೊಲ್ಲಿಗೆ ಮಣ್ಣು ಸುರಿದು ತನ್ನ ವಿಸ್ತಾರವನ್ನು ಹೆಚ್ಚುಕಡಿಮೆ ಇಮ್ಮಡಿ ಮಾಡಿಕೊಳ್ಳಹೊರಟಿತ್ತು. ಕೇ ಕೆರ್, ಸಿಲ್ವಿಯಾ ಮೆಕ್‌ಲಾಫ್ಲಿನ್, ಎಸ್ತರ್ ಗುಲಿಕ್ ಎಂಬ ಮೂವರು ಮಹಿಳೆಯರು ಆ ವರ್ಷ ಕೊಲ್ಲಿ ಉಳಿಸುವ ಸಂಘ ಕಟ್ಟಿದರು. 1965ರಲ್ಲಿ ತುಂಬುವಿಕೆಯನ್ನು ನಿಯಂತ್ರಿಸುವ ಆಯೋಗವನ್ನೇ ಶಾಸನದ ಮೂಲಕ ಪಡೆದರು. ಹೂಳಿದ ನೆಲದ ಬೆಲೆ 1989ರ ಅಕ್ಟೋಬರ್ 17ರಂದು ತಿಳಿಯಿತು. 6.9 ಪ್ರಮಾಣದ ಲೋಮಾ ಪ್ರಿಯೆಟಾ ಭೂಕಂಪದಲ್ಲಿ ಮರೀನಾ ಬಡಾವಣೆಯ ತುಂಬುಮಣ್ಣು ಕೆಸರಿನಂತೆ ಸಡಿಲಗೊಂಡು ಮನೆಗಳು ಕುಸಿದವು.

ಹಿತವೆಂಬ ಹೆಸರಿನ ಹವೆಯೂ ಈಗ ಮೊದಲಿನಂತಿಲ್ಲ. 2017ರ ಸೆಪ್ಟೆಂಬರ್ 1ರಂದು ಸ್ಯಾನ್ ಫ್ರಾನ್ಸಿಸ್ಕೊ ನಗರ 41 ಡಿಗ್ರಿ ಕಂಡಿತು. ಕಡಲ ಗಾಳಿಯನ್ನೇ ನಂಬಿದ ಹಳೆಯ ಮನೆಗಳಲ್ಲಿ ತಂಪುಯಂತ್ರಗಳಿರಲಿಲ್ಲ. 2018ರ ನವೆಂಬರಿನಲ್ಲಿ ದೂರದ ಕಾಳ್ಗಿಚ್ಚಿನ ಹೊಗೆ ಕವಿದು ಶಾಲೆಗಳನ್ನು ಮುಚ್ಚಬೇಕಾಯಿತು. 2020ರ ಸೆಪ್ಟೆಂಬರ್ 9ರಂದು ನಡುಹಗಲಲ್ಲೇ ಆಕಾಶ ಕಿತ್ತಳೆ ಬಣ್ಣಕ್ಕೆ ತಿರುಗಿ ಬೀದಿದೀಪಗಳು ಉರಿದವು.

ಅತ್ತ ಹೊರಡುವ ವಿದ್ಯಾರ್ಥಿ ಊರಿನ ಹೆಸರನ್ನು ನೋಡುವುದಕ್ಕಿಂತ ಬೆಟ್ಟದ ಯಾವ ಮಗ್ಗುಲಿನಲ್ಲಿದೆಯೆಂದು ನೋಡುವುದು ಲೇಸು. ಭೂಕಂಪದಲ್ಲಿ ಸಡಿಲಗೊಳ್ಳುವ ನೆಲದ ನಕ್ಷೆಗಳು ಸಾರ್ವಜನಿಕರಿಗೆ ಲಭ್ಯವಿವೆ, ಬಾಡಿಗೆ ಚೀಟಿಗೆ ಸಹಿ ಮಾಡುವ ಮುನ್ನ ತೆರೆದು ನೋಡಬಹುದು. ಒಂದು ರಜಾದಿನ ಅಲ್ವೀಸೊ ಎಂಬ ಹಳೆಯ ಬಂದರೂರಿಗೂ ಹೋಗಿಬರಬೇಕು. ಅಂತರ್ಜಲ ಎತ್ತಿದ ಫಲವಾಗಿ ಸಮುದ್ರಮಟ್ಟಕ್ಕಿಂತ ಕೆಳಗಿಳಿದ ಆ ಊರು 1983ರಲ್ಲಿ ನೆರೆಯಲ್ಲಿ ಮುಳುಗಿತ್ತು. ಇಂದಿಗೂ ಕಟ್ಟೆಯ ಮರೆಯಲ್ಲಿ ಬದುಕುತ್ತಿದೆ. ಅದರ ಪಕ್ಕದ ಹಳೆಯ ಉಪ್ಪಿನಗದ್ದೆಗಳನ್ನು 2003ರಲ್ಲಿ ಸಾರ್ವಜನಿಕ ಹಣದಿಂದ ಕೊಂಡು, ಒಂದೊಂದಾಗಿ ಕಟ್ಟೆ ಒಡೆದು, ಭರತದ ನೀರಿಗೆ ಬಿಟ್ಟುಕೊಡಲಾಗುತ್ತಿದೆ. ಆ ಕೆಲಸ ಮುಂದುವರಿಯಲೆಂದು 2016ರಲ್ಲಿ ಒಂಬತ್ತು ಕೌಂಟಿಗಳ ಜನರು ತಮ್ಮ ಪ್ರತಿ ನಿವೇಶನದ ಮೇಲೆ ವರ್ಷಕ್ಕೆ 12 ಡಾಲರ್ ತೆರಿಗೆಯನ್ನು ತಾವೇ ಮತ ಹಾಕಿ ಹೇರಿಕೊಂಡರು. ನೀರು ನುಗ್ಗಿದ ಕಡೆ ಹೂಳು ನಿಲ್ಲುತ್ತಿದೆ, ಜವುಗು ಹುಲ್ಲು ಹಬ್ಬುತ್ತಿದೆ, ಕಡಲಹಕ್ಕಿಗಳು ಇಳಿಯುತ್ತಿವೆ.